ಮೊದಲು ನೀರು, ಆಮೇಲೆ ಗೋಡೆ, ಕಡೆಗೆ ಬಣ್ಣ

ಪ್ರಶ್ನೆ: ನಮ್ಮದು ಬೀಳಗಿ ತಾಲ್ಲೂಕಿನ ಹಳ್ಳಿ. ಮಾವನವರ ಅಜ್ಜ ಕಟ್ಟಿಸಿದ ಮಾಳಿಗೆ ಮನೆ, ಅಂದರೆ ತೊಲೆ ಜಂತಿಯ ಮೇಲೆ ಮಣ್ಣು ಹಾಕಿದ ಚಾವಣಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಪಡಸಾಲೆಯಲ್ಲಿ ನಾಲ್ಕು ಕಂಬ. ಎಲ್ಲಾ ಕೂಲಿ ಕೊಟ್ಟು ಮಾಡಿಸುವಷ್ಟು ದುಡ್ಡಿಲ್ಲ. ನಾನು, ನಮ್ಮ ಯಜಮಾನರು, ಮೈದುನ, ಕಾಲೇಜಿಗೆ ಹೋಗುವ ಮಗ ಸೇರಿ ನಾವೇ ರಿಪೇರಿ ಮಾಡಬೇಕೆಂದಿದ್ದೇವೆ. ಹೋದ ವರ್ಷ ಅಡುಗೆಮನೆ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದೆವು. ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಒಳಗೆಲ್ಲ ಬಿಳಿ ಉಪ್ಪು. ಪಡಸಾಲೆಯ ಮಾಳಿಗೆ ಬೇರೆ ಸೋರುತ್ತದೆ. ಎಲ್ಲರೂ ‘ಕಿತ್ತು ಸ್ಲ್ಯಾಬ್ ಹಾಕಿಬಿಡಿ’ ಅನ್ನುತ್ತಾರೆ. ದೀಪಾವಳಿಗೆ ಬಣ್ಣ ಹಚ್ಚುವ ಆಸೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ತಂಗೀ, ಬಣ್ಣದ ಮಾತು ಸದ್ಯಕ್ಕೆ ಬಿಡಿ. ಮೊದಲು ನೀರಿನ ದಾರಿ ಸರಿ ಮಾಡಿ. ಆಮೇಲೆ ಗೋಡೆ. ಬಣ್ಣ ಕಟ್ಟಕಡೆಗೆ. ಈ ಸಾಲು ತಪ್ಪಿದರೆ ನಾಲ್ಕು ಜನ ಮೈಮುರಿದು ದುಡಿದದ್ದೆಲ್ಲ ದಂಡ.

ನಿಮ್ಮ ಗೋಡೆ ನೆಲದಿಂದ ನೀರು ಎಳೆಯುತ್ತಿದೆ. ಹಳೆ ಪಾಯದಲ್ಲಿ ತೇವ ತಡೆಯುವ ಪಟ್ಟಿ ಇರುವುದಿಲ್ಲ. ಗೋಡೆಗೆ ಮಣ್ಣು, ಸುಣ್ಣ ಇದ್ದಾಗ ಏರಿದ ನೀರು ಅದರ ಮೈಯಿಂದಲೇ ಆರಿಹೋಗುತ್ತಿತ್ತು. ಸಿಮೆಂಟ್ ಬಂದು ಆ ದಾರಿ ಮುಚ್ಚಿತು. ನೀರು ಇನ್ನೂ ಮೇಲೆ ಏರಿತು. ಅದರ ಜೊತೆ ಬಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಅದನ್ನು ಹೊರಗೆ ದೂಡಿತು. ಒಳಗಿನ ಮಣ್ಣು ಮೆತ್ತಗಾಗಿರುತ್ತದೆ, ಅದು ಕಾಣುವುದಿಲ್ಲ. ನನಗೆ ಹೆದರಿಕೆ ಇರುವುದು ಅದಕ್ಕೇ. ಉಳಿದ ಸಿಮೆಂಟನ್ನು ನಿಧಾನಕ್ಕೆ ಕೆತ್ತಿ ತೆಗೆಯಿರಿ. ಹೊಡೆದು ಬೀಳಿಸಬೇಡಿ, ಸಂದಿಯ ಮಣ್ಣು ಉದುರುತ್ತದೆ.

ಆಮೇಲೆ ಹೊರಗೆ ಹೋಗಿ ನಿಮ್ಮ ಕಟ್ಟೆ ನೋಡಿ. ಮೊದಲು ಎಷ್ಟು ಮೆಟ್ಟಿಲು ಹತ್ತುತ್ತಿದ್ದಿರಿ ಅಂತ ಮಾವನವರನ್ನು ಕೇಳಿ, ಈಗ ಎಷ್ಟು ಉಳಿದಿವೆ ಎಣಿಸಿ. ನಮ್ಮ ಕಡೆ ಓಣಿಗೆ ಸಿಮೆಂಟ್ ರಸ್ತೆ ಆದಾಗಲೆಲ್ಲ ಹಳೆಯದನ್ನು ಅಗೆಯದೆ ಅದರ ಮೇಲೇ ಹಾಕುತ್ತಾರೆ. ರಸ್ತೆ ಏರುತ್ತದೆ, ಮನೆ ತಗ್ಗಿಗೆ ಬೀಳುತ್ತದೆ. ಗೋಡೆಯ ಬುಡಕ್ಕೆ ಸೇರಿದ ಮಣ್ಣು ತೆಗೆದು, ನೀರು ಗೋಡೆಯಿಂದ ಆಚೆ ಹರಿಯುವಂತೆ ಇಳಿಜಾರು ಮಾಡಿ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಹಿತ್ತಲ ಗೋಡೆಯ ಬುಡಕ್ಕೇ ನಿಲ್ಲುತ್ತಿದ್ದರೆ ಪೈಪ್ ಹಾಕಿ ದೂರ ಒಯ್ಯಿರಿ. ಪಾತ್ರೆ ತೊಳೆಯುವ ಕಲ್ಲು ಗೋಡೆಗೆ ಅಂಟಿಕೊಂಡಿದ್ದರೆ ಅದನ್ನೂ ಸರಿಸಿ. ಈ ಕೆಲಸಕ್ಕೆ ಗುದ್ದಲಿ, ಬುಟ್ಟಿ ಸಾಕು. ನಿಮ್ಮ ಮಗ, ಮೈದುನ ಆರಾಮಾಗಿ ಮಾಡುತ್ತಾರೆ. ಮನೆಗೆ ಆಗುವ ಲಾಭ ಮಾತ್ರ ಬೇರೆ ಯಾವ ಕೆಲಸಕ್ಕಿಂತ ಜಾಸ್ತಿ.

ಇಷ್ಟಾದ ಮೇಲೆ ಗೋಡೆಯನ್ನು ಹಾಗೇ ಬಿಡಿ. ಒಂದು ಬೇಸಿಗೆ ಪೂರ್ತಿ ಆರಲಿ. ಬಾಗಲಕೋಟೆಯ ಏಪ್ರಿಲ್, ಮೇ ಬಿಸಿಲು ಮಾಡುವ ಕೆಲಸ ಯಾವ ಮಶೀನೂ ಮಾಡುವುದಿಲ್ಲ. ಮೇಲೆ ಬಂದ ಉಪ್ಪನ್ನು ಒಣ ಬ್ರಷ್‌ನಿಂದ ಉದುರಿಸಿ, ಪೇಪರ್ ಮೇಲೆ ಹಿಡಿದು ಹೊರಗೆ ಚೆಲ್ಲಿ. ನೀರು ಹಾಕಿ ತೊಳೆದರೆ ಅದು ಮತ್ತೆ ಒಳಗೇ ಹೋಗುತ್ತದೆ.

ಇನ್ನು ಹೊಸ ಪ್ಲಾಸ್ಟರ್. ಮಣ್ಣಿನ ಗೋಡೆಗೆ ಮಣ್ಣೇ ಸರಿ. ಎರೆಮಣ್ಣು (ಕಪ್ಪು ಜಿಗುಟು ಮಣ್ಣು) ಒಂದನ್ನೇ ಹಾಕಿದರೆ ಒಣಗುವಾಗ ಸೀಳುತ್ತದೆ. ಅದಕ್ಕೆ ಕೆಂಪು ಮಣ್ಣು, ಮರಳು ಬೇಕು. ನಿಮ್ಮ ಮಣ್ಣು ಎಂಥದ್ದು ಅಂತ ನೋಡುವುದು ಸುಲಭ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ನುಣ್ಣನೆ ಮಣ್ಣು ಕೂರುತ್ತದೆ. ಜಿಗುಟು ಮಣ್ಣು ಕೂರಲು ಒಂದು ದಿನವೇ ಬೇಕು. ಮರುದಿನ ಬಾಟಲಿಯಲ್ಲಿ ಪದರ ಪದರವಾಗಿ ಕಾಣುತ್ತದೆ. ಜಿಗುಟಿನ ಪದರ ದಪ್ಪ ಇದ್ದರೆ ಮರಳು ಜಾಸ್ತಿ ಮಾಡಿ. ಗೋಧಿ ಹೊಟ್ಟು, ಸಗಣಿ ಸೇರಿಸಿ, ತುಳಿದು, ಮುಚ್ಚಿ ಕೊಳೆಯಲು ಬಿಡಿ. ದಿನಾ ಒಮ್ಮೆ ತುಳಿಯಬೇಕು. ಹುಳಿ ವಾಸನೆ ಬಂದು ಕೈಗೆ ಬೆಣ್ಣೆಯಷ್ಟು ಮೆತ್ತಗೆ ಸಿಕ್ಕಿತೋ, ಹದ ಬಂತು ಅಂತ ತಿಳಿಯಿರಿ. ಮೊದಲು ಮೂಲೆಯಲ್ಲಿ ಒಂದಡಿ ಚೌಕ ಬಳಿದು ನೋಡಿ. ಒಣಗಿದ ಮೇಲೆ ಬಿರುಕು ಬಿಡದಿದ್ದರೆ ಇಡೀ ಗೋಡೆಗೆ ಹಾಕಿ.

ಮೇಲೆ ಸುಣ್ಣವನ್ನೇ ಹಚ್ಚಿ. ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಸಿಮೆಂಟಿನ ಕಥೆಯೇ ಮತ್ತೆ. ಸುಣ್ಣದ ಹರಳು ತಂದರೆ ಒಂದು ಮಾತು ನೆನಪಿರಲಿ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಒಂದೊಂದೇ ಹರಳು. ಹರಳಿನ ಮೇಲೆ ನೀರು ಸುರಿಯಬಾರದು. ಅದು ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಸ್ಲ್ಯಾಬ್ ಬಗ್ಗೆ ಕೇಳಿದ್ದೀರಿ. ಸ್ಲ್ಯಾಬ್ ಭಾರ, ಹಳೆ ಗೋಡೆ ತಡೆಯುವುದಿಲ್ಲ ಅಂತ ಹೇಳುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಹತ್ತಡಿಗೆ ಹತ್ತಡಿ ಕೋಣೆ ತೆಗೆದುಕೊಳ್ಳಿ. ಅದರ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ಅದೇ ಸುಮಾರು ನಾಲ್ಕೂವರೆಯಿಂದ ಐದು ಟನ್. ಐದಿಂಚಿನ ಸ್ಲ್ಯಾಬ್ ಮೂರು ಟನ್ ಒಳಗೇ. ತೊಂದರೆ ಇರುವುದು ಬೇರೆ ಕಡೆ. ನಿಮ್ಮ ಪಡಸಾಲೆಯ ಮಾಳಿಗೆಯ ಭಾರದಲ್ಲಿ ಬಹಳಷ್ಟನ್ನು ತೊಲೆ ಹಿಡಿದು ಕಂಬಕ್ಕೆ ಇಳಿಸುತ್ತಿದೆ. ಸ್ಲ್ಯಾಬ್ ಬಂದರೆ ಆ ಭಾರವೆಲ್ಲ ಮಣ್ಣಿನ ಗೋಡೆಯ ತಲೆಯ ಮೇಲೆ ಕೂರುತ್ತದೆ. ಜೊತೆಗೆ ಅದು ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ ಗೋಡೆಯನ್ನು ಜಗ್ಗುತ್ತದೆ. ಮೇ ತಿಂಗಳ ಮಧ್ಯಾಹ್ನ ಅದರ ಕೆಳಗೆ ಮಲಗುವುದು ಹೇಗೆ ಅಂತ ನಾನು ಹೇಳಬೇಕಿಲ್ಲ ಅಲ್ವಾ?

ಹಾಗಂತ ಮಾಳಿಗೆಯನ್ನು ಇದ್ದ ಹಾಗೇ ಬಿಡಿ ಅಂತ ನಾನು ಹೇಳುತ್ತಿಲ್ಲ. ಸೋರಿದಾಗೆಲ್ಲ ಮೇಲೆ ಇನ್ನೊಂದು ಪದರ ಮಣ್ಣು ಸುರಿಯುವುದು ನಮ್ಮ ರೂಢಿ. ಹೀಗೆ ಭಾರ ಏರುತ್ತಲೇ ಹೋಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ಸಾವಿರಾರು ಜನ ಸತ್ತದ್ದು ಇಂಥ ಕಲ್ಲು ಮಣ್ಣಿನ ಗೋಡೆ, ಭಾರದ ಮಾಳಿಗೆ ಮೈಮೇಲೆ ಬಿದ್ದು. ಅದು ನಮ್ಮ ಸೀಮೆಯ ಮಗ್ಗುಲಲ್ಲೇ ಇದೆ. ಆದ್ದರಿಂದ ಹಳೆ ಮಣ್ಣು ಇಳಿಸಿ ಕಡಿಮೆ ಮಾಡಿ. ಮೇಲೆ ಕರಲು (ಸವಳು) ಮಣ್ಣು ಹಾಕಿ ಬಡಿಯಿರಿ. ಅದರಲ್ಲಿರುವ ಸೋಡಿಯಂ ಜಿಗುಟು ಮಣ್ಣನ್ನು ನುಣ್ಣಗೆ ಬಿಡಿಸಿ ಸಣ್ಣ ತೂತುಗಳನ್ನು ಮುಚ್ಚುತ್ತದೆ, ಅದಕ್ಕೇ ನೀರು ಇಳಿಯುವುದಿಲ್ಲ. ಹಿರಿಯರು ಮಳೆಗೆ ಮುಂಚೆ ಅದನ್ನೇ ಹುಡುಕಿಕೊಂಡು ಹೋಗುತ್ತಿದ್ದದ್ದು ಸುಮ್ನೆ ಅಲ್ಲ. ನೀರು ಹೊರಗೆ ಬೀಳುವ ದೋಣಿಯ ಕಡೆಗೇ ಹರಿಯುವಂತೆ ಇಳಿಜಾರು ಇರಲಿ. ಮಾಳಿಗೆ ಮೇಲೆ ಬೆಳೆದ ಹುಲ್ಲನ್ನು ಬೇರುಸಮೇತ ಕೀಳಿ.

ಈಗ ನೀವು ಮುಟ್ಟಲೇಬಾರದ ಕೆಲಸ ಹೇಳುತ್ತೇನೆ. ತೊಲೆ, ಜಂತಿಗಳ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋದರೆ ಅಲ್ಲಿ ಕಟ್ಟಿಗೆ ಕೊಳೆತಿದೆ, ಇಲ್ಲವೇ ಗೆದ್ದಲು ತಿಂದಿದೆ. ಮರ ಬದಲಿಸುವುದು ಬಡಿಗೇರರ ಕೆಲಸ. ಅವರು ಬರುವ ತನಕ ಕೆಳಗೆ ಆನಿಕೆ ಕೊಟ್ಟಿರಿ, ಆ ಕೋಣೆಯಲ್ಲಿ ಯಾರೂ ಮಲಗಬೇಡಿ. ಮಾಳಿಗೆಯ ಮಣ್ಣು ಇಳಿಸುವಾಗಲೂ ಆನಿಕೆ ಇರಲೇಬೇಕು. ಇನ್ನೊಂದು, ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ಮೇಲಿಂದ ಇಳಿಬಿಡಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ ದಾರವೇ ಹೇಳುತ್ತದೆ. ನಮ್ಮ ಗೋಡೆಗಳು ಒಳಗೊಂದು, ಹೊರಗೊಂದು ಕಲ್ಲಿನ ಸಾಲು, ನಡುವೆ ಚೂರುಕಲ್ಲು ಮಣ್ಣು. ಎರಡನ್ನೂ ಹಿಡಿಯುವ ಉದ್ದ ಕಲ್ಲು ಇಲ್ಲದಿದ್ದರೆ ಹೊರಗಿನ ಸಾಲು ಬೇರೆಯಾಗಿ ಉಬ್ಬುತ್ತದೆ. ನಾನು ಗೌಂಡಿಯ ಮಗ. ನಮ್ಮಪ್ಪ ಇಂಥ ಗೋಡೆಯನ್ನು ತಾಪಿಯ ಹಿಡಿಯಿಂದ ಬಡಿದು, ಕಿವಿ ಹಚ್ಚಿ ಕೇಳಿ, ಆಮೇಲೆ ಕೈ ಹಾಕುತ್ತಿದ್ದರು. ಪೊಳ್ಳು ಸದ್ದು ಬಂದರೆ ಅನುಭವಸ್ಥ ಗೌಂಡಿಯನ್ನೇ ಕರೆಸಿ. ಗೋಡೆಯ ಉದ್ದಕ್ಕೆ ನಾಲ್ಕಡಿಗೊಂದು, ಎತ್ತರಕ್ಕೆ ಎರಡಡಿಗೊಂದು ಉದ್ದ ಕಲ್ಲು ಕೂರಿಸಲು ಹೇಳಿ. ದುಡ್ಡು ಖರ್ಚು ಮಾಡುವುದಾದರೆ ಇಲ್ಲಿ ಮಾಡಿ.

ದೀಪಾವಳಿಗೆ ಬಾಗಿಲಿಗೆ ತೋರಣ ಕಟ್ಟಿ, ಆರಿದ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು ಬಳಿಯಿರಿ. ಆರದ ಗೋಡೆಯನ್ನು ಮುಂದಿನ ವರ್ಷಕ್ಕೆ ಬಿಡಿ.

ಪ್ರಶ್ನೆ: ತಾಳಿಕೋಟೆ ಹತ್ತಿರ ಎರೆಭೂಮಿಯಲ್ಲಿ ನಮ್ಮ ಮನೆ. ಬೇಸಿಗೆಯಲ್ಲಿ ಗೋಡೆ ಬಿರುಕು ಬಿಡುತ್ತದೆ, ಮಳೆಗಾಲಕ್ಕೆ ತಾನೇ ಮುಚ್ಚುತ್ತದೆ. ನಾನೇ ಸಿಮೆಂಟ್ ತುಂಬಬಹುದೇ?

ಉತ್ತರ: ಬೇಡ ತಮ್ಮಾ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಪಾಯವೂ ಅದರ ಜೊತೆ ಏರಿ ಇಳಿಯುತ್ತದೆ. ಬೇಸಿಗೆಯಲ್ಲಿ ಗಟ್ಟಿ ಸಿಮೆಂಟ್ ತುಂಬಿದರೆ ಮಳೆಗಾಲಕ್ಕೆ ಮುಚ್ಚಲು ಜಾಗ ಇಲ್ಲದೆ ಗೋಡೆ ಇನ್ನೊಂದು ಕಡೆ ಸೀಳುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲೇ ತಾರೀಕು ಬರೆಯಿರಿ. ವರ್ಷ ಕಳೆದ ಮೇಲೂ ಗೆರೆ ದಾಟದಿದ್ದರೆ ಸುಣ್ಣ ಮರಳಿನ ಮೆತ್ತನೆ ಗಾರೆ ತುಂಬಿ. ದಾಟಿದ್ದರೆ, ಬಾಗಿಲು ಹಿಡಿಯತೊಡಗಿದ್ದರೆ ಎಂಜಿನಿಯರನ್ನು ಕರೆಸಿ ಪಾಯ ತೋರಿಸಿ. ಗೋಡೆಯ ಬುಡದಲ್ಲಿ ದೊಡ್ಡ ಮರ ಇದ್ದರೆ ಅದನ್ನೂ ತಿಳಿಸಿ, ಬೇರು ಬೇಸಿಗೆಯಲ್ಲಿ ಮಣ್ಣಿನ ನೀರು ಹೀರುತ್ತದೆ.

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಅಜ್ಜಿಯ ಮನೆಯ ಸಾಗವಾನಿ ತಲಬಾಗಿಲಿಗೆ ಪದರ ಪದರ ಆಯಿಲ್ ಪೇಂಟ್ ಇದೆ. ಕೆತ್ತನೆಯೇ ಕಾಣುವುದಿಲ್ಲ. ಪಾಲಿಶ್ ಪೇಪರ್‌ನಿಂದ ಉಜ್ಜಿ ತೆಗೆಯಲೇ?

ಉತ್ತರ: ಒಣಗಿದ್ದನ್ನು ಉಜ್ಜಬೇಡಿ ತಾಯಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆ ಪೇಂಟಿನಲ್ಲಿ ಸೀಸ ಇರಬಹುದು. ಅದರ ಪುಡಿ ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಬಹಳ ಕೆಟ್ಟದ್ದು. ಬಾಗಿಲನ್ನು ಹೊರಗೆ ಒಯ್ದು, ಕೆಳಗೆ ಪ್ಲಾಸ್ಟಿಕ್ ಹಾಸಿ, ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಹೆರೆಯಿರಿ. ಮಾಸ್ಕ್, ಕೈಗವಸು ಬೇಕೇ ಬೇಕು. ಕೆತ್ತನೆಯ ಸಂದಿಗೆ ಹಳೆ ಟೂತ್‌ಬ್ರಷ್ ಸಾಕು. ಕೊನೆಗೆ ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ತಿಕ್ಕಿ. ಪೇಂಟ್ ಅಂಗಡಿಯಲ್ಲಿ ‘ಡಬಲ್ ಬಾಯಿಲ್ಡ್’ ಅಂತ ಕೇಳಿದರೆ ಕೊಡುತ್ತಾರೆ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ, ಬೆಂಕಿ ಕಡ್ಡಿ ಇಲ್ಲದೆಯೇ ಅರಿವೆ ಹೊತ್ತಿಕೊಳ್ಳಬಹುದು. ನೀರಿನ ಬಕೆಟ್ಟಿಗೆ ಹಾಕಿ, ಇಲ್ಲವೇ ಬಯಲಲ್ಲಿ ಬಿಡಿಸಿ ಒಣಗಿಸಿ.