ಹಳೆಯ ಪಿಕಪ್ ಬಾಡಿ, ಹೊಸ ಡೀಸೆಲ್ ಚಾಸಿ: ಎತ್ತಿ ಇಟ್ಟರೆ ಕೂರುತ್ತಾ?

ನೀವು ಕೇಳಿರುವುದು ಇಷ್ಟು: 1950ರ ದಶಕದ ಶೆವರ್ಲೆ ಪಿಕಪ್ ಒಂದು ಸಿಕ್ಕಿದೆ, ಬಾಡಿ ಗಟ್ಟಿಯಾಗಿದೆ, ಎಂಜಿನ್ ಹೋಗಿದೆ. ಇನ್ನೊಂದು ಕಡೆ, ಹಿಂದಿನಿಂದ ಗುದ್ದಿಸಿಕೊಂಡ ಡೀಸೆಲ್ ಡಾಡ್ಜ್ ರ‍್ಯಾಮ್ ಕಡಿಮೆ ಬೆಲೆಗೆ ಬರುತ್ತಿದೆ. ಎರಡರ ವೀಲ್‌ಬೇಸ್, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ದೂರ, ಹೆಚ್ಚುಕಡಿಮೆ ಒಂದೇ. ಹಾಗಾದರೆ ಹಳೆಯ ಬಾಡಿಯನ್ನು ಹೊಸ ಚಾಸಿ ಮೇಲಿಟ್ಟು ಬೋಲ್ಟ್ ಬಿಗಿದರೆ ಆಯ್ತಲ್ವಾ?

ಆಗಲ್ಲ. ಬಾಡಿ ಎತ್ತಿ ಇಡುವುದು ನಾಲ್ಕು ಜನ ಸೇರಿದರೆ ಒಂದು ದಿನದ ಕೆಲಸ. ನನಗೆ ಉಳಿದದ್ದಕ್ಕೆ ಎರಡೂವರೆ ವರ್ಷ ಹಿಡಿಯಿತು. ಅದರಲ್ಲಿ ಒಂದು ವರ್ಷವಾದರೂ, ಬಿಚ್ಚುವ ಮೊದಲು ಅಳೆಯದೇ ಇದ್ದುದಕ್ಕೆ ಕಟ್ಟಿದ ದಂಡ.

ನನ್ನದು 1951ರ ಶೆವರ್ಲೆ 3800, ಒಂದು ಟನ್ನಿನ ಮಾದರಿ. ವೀಲ್‌ಬೇಸ್ 137 ಇಂಚು. ಕೆಳಗೆ ಹಾಕಿದ್ದು 1996ರ ರ‍್ಯಾಮ್ 2500, ಸಿಂಗಲ್ ಕ್ಯಾಬಿನ್ನಿನದು, 134.7 ಇಂಚು. ವ್ಯತ್ಯಾಸ ಎರಡು ಇಂಚು ಚಿಲ್ಲರೆ. ಚಾಸಿ ಕತ್ತರಿಸುವ ಗೋಜೇ ಇಲ್ಲ ಅಂತ ನಾನೂ ನಿಮ್ಮ ಹಾಗೆಯೇ ಹಿಗ್ಗಿದ್ದೆ.

ಆದರೆ ವೀಲ್‌ಬೇಸ್ ಹೇಳುವುದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎಷ್ಟು ದೂರ ಎಂದು ಮಾತ್ರ. ಆ ದೂರದಲ್ಲಿ ಬಾನೆಟ್‌ಗೆ ಎಷ್ಟು, ಕ್ಯಾಬಿನ್‌ಗೆ ಎಷ್ಟು, ಹಿಂದಿನ ತೊಟ್ಟಿಗೆ ಎಷ್ಟು ಎಂದು ಹೇಳುವುದಿಲ್ಲ. ನಿಮಗೆ ಬೇಕಾದ ಅಳತೆ ಬೇರೆ: ಮುಂದಿನ ಆಕ್ಸಲ್ ನಡುವಿನಿಂದ ಫೈರ್‌ವಾಲ್‌ಗೆ ಎಷ್ಟು ದೂರ? ಫೈರ್‌ವಾಲ್ ಅಂದರೆ ಎಂಜಿನ್ನಿಗೂ ನಿಮ್ಮ ಕಾಲಿಗೂ ನಡುವೆ ಇರುವ ತಗಡಿನ ಗೋಡೆ.

ಇದು ಯಾಕೆ ಮುಖ್ಯ ಅಂದರೆ, ಕ್ಯಾಬಿನ್ ಎಲ್ಲಿ ಕೂರಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಮುಂದಿನ ಚಕ್ರ ಮಡ್‌ಗಾರ್ಡಿನ ಕಮಾನಿನ ಸರಿ ನಡುವೆ ಬರಬೇಕು. ಒಂದು ಇಂಚು ಹಿಂದೆ ಮುಂದೆ ಆದರೂ ನೋಡಿದವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ. ಚಕ್ರ ಅಲ್ಲಿಗೆ ನಿಂತಿತು ಅಂದರೆ ಮಡ್‌ಗಾರ್ಡ್ ನಿಂತಿತು, ಅದರ ಹಿಂದೆ ಕ್ಯಾಬಿನ್ ನಿಂತಿತು. ರ‍್ಯಾಮ್‌ನಲ್ಲಿ ಡೀಸೆಲ್ ಎಂಜಿನ್ನಿನ ಹಿಂದಿನ ತುದಿ ವಿಂಡ್‌ಶೀಲ್ಡ್ ಬುಡದ ತಗಡಿನ ಕೆಳಗೆ ನುಸುಳಿಕೊಂಡಿರುತ್ತದೆ. ಆರನೇ ಸಿಲಿಂಡರಿನ ಟ್ಯಾಪೆಟ್ ಹೊಂದಿಸಿದವರಿಗೆ ಇದು ಚೆನ್ನಾಗಿ ಗೊತ್ತು, ಕೈ ತೂರಿಸಿ ತೂರಿಸಿ ಮೊಣಕೈ ತರಚಿರುತ್ತದೆ. ಹಳೆಯ ಶೆವರ್ಲೆಯ ಫೈರ್‌ವಾಲ್‌ನಲ್ಲಿ ಅಂಥ ಜಾಗವೇ ಇಲ್ಲ.

ಚೈನ್ ಪುಲ್ಲಿಯಲ್ಲಿ ಕ್ಯಾಬಿನ್ ಇಳಿಸುತ್ತಿದ್ದೆವು. ಚಾಸಿಗೆ ಇನ್ನೂ ಒಂದು ಅಡಿ ಇರುವಾಗಲೇ ಟಣ್ ಅಂತ ಸದ್ದು. ಸಿಲಿಂಡರ್ ಹೆಡ್ಡಿನ ಹಿಂಬದಿ ಫೈರ್‌ವಾಲ್‌ಗೆ ತಾಗಿ ನಿಂತಿತ್ತು. ಇನ್ನೂ ಒಂದು ಗೇಣಿನಷ್ಟು ಜಾಗ ಬೇಕಿತ್ತು. ನಾಲ್ಕೂ ಜನ ಸುಮ್ನೆ ಮುಖ ಮುಖ ನೋಡಿಕೊಂಡೆವು.

ಅಲ್ಲಿಂದ ಎರಡೇ ದಾರಿ. ಎಂಜಿನ್ ಮುಂದಕ್ಕೆ ಸರಿಸುವುದು ಒಂದು. ಆಗ ಮೌಂಟಿಂಗ್, ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ತಿರುಗುವ ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್ ಎಲ್ಲವೂ ಮುಂದಕ್ಕೆ ಹೋಗಬೇಕು, ಮುಂದಿನ ಆಕ್ಸಲ್ ಮೇಲೆ ಎಣ್ಣೆಯ ಚೇಂಬರ್ ಬಡಿಯುತ್ತಾ ಅಂತಲೂ ನೋಡಬೇಕು. ಇನ್ನೊಂದು, ಫೈರ್‌ವಾಲ್ ಕತ್ತರಿಸಿ ಒಳಕ್ಕೆ ಒಂದು ಗೂಡು ಮಾಡುವುದು. ನಾನು ಗೂಡು ಮಾಡಿದೆ. ಡ್ಯಾಶ್ ಕೆಳಗೆ ಹೀಟರ್ ಇಡುವ ಜಾಗ ಹೋಯಿತು. ಆದರೂ ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ತಗಡು ಕತ್ತರಿಸಿದ್ದನ್ನು ಮತ್ತೆ ಹಾಕಬಹುದು. ಎಂಜಿನ್ ಸರಿಸಲು ಹೊರಟರೆ ಒಂದಕ್ಕೆ ಹತ್ತು ಕೆಲಸ.

ಹಾಗಾಗಿ ಒಂದು ನಟ್ಟನ್ನೂ ಬಿಚ್ಚಬೇಡಿ ಈಗ. ಎರಡೂ ಗಾಡಿಗಳನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ಗಾರೆ ಕೆಲಸದವರ ತೂಕದ ಗುಂಡು ತಂದು, ಮುಂದಿನ ಹಬ್ಬಿನ ನಡುವಿನಿಂದ ಇಳಿಬಿಟ್ಟು ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎಡಕ್ಕೂ ಬಲಕ್ಕೂ ಹಾಕಿ. ಹಾಗೆಯೇ ಫೈರ್‌ವಾಲ್, ಕ್ಯಾಬಿನ್ ಮೌಂಟಿಂಗ್, ಹಿಂದಿನ ಆಕ್ಸಲ್. ರ‍್ಯಾಮ್‌ನಲ್ಲಿ ಎಂಜಿನ್ನಿನ ಕೊನೆ ಎಲ್ಲಿ ಬರುತ್ತದೆ ಅನ್ನುವುದನ್ನೂ ಗುರುತು ಮಾಡಿ. ಎತ್ತರಗಳನ್ನೂ ಬರೆದಿಡಿ, ಮುಖ್ಯವಾಗಿ ಚಾಸಿಯ ಮೇಲ್ಮೈ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅನ್ನುವುದನ್ನು. ಹಳೆಯ ಕ್ಯಾಬಿನ್ನಿನ ತಳ ಆ ಏರಿಳಿತಕ್ಕೆ ಹೊಂದುವುದಿಲ್ಲ. ನೆಲದ ತಗಡು ಕತ್ತರಿಸಿ ಹೊಸದಾಗಿ ಮಾಡಲೇಬೇಕಾಗುತ್ತದೆ.

ನಿಮ್ಮದು 3100, ಅಂದರೆ ಅರ್ಧ ಟನ್ನಿನ ಮಾದರಿಯಾದರೆ ಲೆಕ್ಕವೇ ಬೇರೆ. 1950ರ ದಶಕದ ಮೊದಲ ವರ್ಷಗಳಲ್ಲಿ ಅದರ ವೀಲ್‌ಬೇಸ್ 116 ಇಂಚು. 134.7ರಿಂದ ಅಲ್ಲಿಗೆ ಬರಲು ಚಾಸಿಯಿಂದ 18.7 ಇಂಚು ತೆಗೆಯಬೇಕು. ನೀವು ‘ಹೆಚ್ಚುಕಡಿಮೆ ಒಂದೇ’ ಅಂದಿದ್ದೀರಿ, ಆದರೂ ಟೇಪ್ ಹಿಡಿದೇ ನೋಡಿ. ಚಾಸಿ ಕತ್ತರಿಸುವುದಾದರೆ ಆ ಕೆಲಸವನ್ನೇ ಮಾಡುವವರಿಗೆ ಕೊಡಿ, ನಾನಂತೂ ಕೈ ಹಾಕುತ್ತಿರಲಿಲ್ಲ. ಕತ್ತರಿಸುವ ಜಾಗ ನೇರವಾಗಿರುವ ಕಡೆ ಇರಬೇಕು. ನೇರ ಅಡ್ಡಗೀಟಿನಂತೆ ಕತ್ತರಿಸಿ ಅಂಟಿಸಬಾರದು, ಮೆಟ್ಟಿಲಿನಂತೆ ಅಥವಾ ಓರೆಯಾಗಿ ಕತ್ತರಿಸಿ, ಒಳಗಿನಿಂದ ಪಟ್ಟಿ ಕೊಟ್ಟು ವೆಲ್ಡ್ ಮಾಡಬೇಕು. ಪ್ರೊಪೆಲ್ಲರ್ ಶಾಫ್ಟನ್ನೂ ಅಷ್ಟೇ ಗಿಡ್ಡ ಮಾಡಿಸಿ ಬ್ಯಾಲೆನ್ಸ್ ಮಾಡಿಸಬೇಕು. ಚಾಸಿಯ ಮೇಲೆ ಎಲ್ಲೇ ವೆಲ್ಡಿಂಗ್ ಮಾಡಿದರೂ ಮೊದಲು ಬ್ಯಾಟರಿ ತಂತಿ ಬಿಚ್ಚಿ, ಕಂಪ್ಯೂಟರ್ ಇದ್ದರೆ ಅದರ ಸಾಕೆಟ್ಟನ್ನೂ ಕಿತ್ತಿಡಿ.

ಕ್ಯಾಬಿನ್ ಮೌಂಟಿಂಗ್ ವಿಷಯದಲ್ಲಿ ನಾನು ಪೆಟ್ಟು ತಿಂದೆ. ದಪ್ಪ ತಗಡಿನ ಬ್ರಾಕೆಟ್ ಮಾಡಿ, ನಾಲ್ಕೂ ಮೂಲೆಗೆ ತೆಳು ರಬ್ಬರ್ ಕೊಟ್ಟು ಬಿಗಿದಿದ್ದೆ. ಬೆಟ್ಟ ಅಲುಗಿದರೂ ಇದು ಅಲುಗಲ್ಲ ಅನ್ನುವ ಹೆಮ್ಮೆ ಬೇರೆ. ಮೊದಲ ಸಲ ಹಳ್ಳದ ದಾರಿಯಲ್ಲಿ ಒಂದು ಚಕ್ರ ಮೇಲೆ, ಒಂದು ಕೆಳಗೆ ಹೋಯಿತು. ಎಡಗಡೆ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಮಾರನೇ ದಿನ ನೋಡಿದರೆ ವಿಂಡ್‌ಶೀಲ್ಡಿನ ಮೂಲೆಯಿಂದ ಕೂದಲೆಳೆಯಂಥ ಬಿರುಕು, ಸಂಜೆಗೆ ಅದು ಅರ್ಧ ಗಾಜಿಗೆ ಬಂದಿತ್ತು. ಪಿಕಪ್ ಚಾಸಿ ತಿರುಚಿಕೊಳ್ಳಲೆಂದೇ ಇರುವಂಥದ್ದು. ಆ ತಿರುಚು ಕ್ಯಾಬಿನ್ನಿಗೆ ಹೋಗದಂತೆ ನಡುವೆ ರಬ್ಬರ್ ತಡೆಯಬೇಕು. ಆಮೇಲೆ ರ‍್ಯಾಮ್‌ನ ದಪ್ಪ ಬುಷ್‌ಗಳನ್ನೇ ಹಾಕಿದೆ. ಅದನ್ನು ಮೊದಲೇ ಮಾಡಬಹುದಿತ್ತು, ಅವು ಅಲ್ಲೇ ಬಕೆಟ್ಟಿನಲ್ಲಿ ಬಿದ್ದಿದ್ದವು.

ಎಂಜಿನ್ ಬಗ್ಗೆ ನನ್ನ ಅಭಿಪ್ರಾಯ ಖಡಕ್. ಕಮಿನ್ಸ್ ಕಂಪನಿಯ 5.9 ಲೀಟರಿನ ಡೀಸೆಲ್ ಎಂಜಿನ್ ರ‍್ಯಾಮ್‌ಗೆ ಬಂದದ್ದು 1989ರ ಮಾದರಿಯಿಂದ. 1998ರ ನಡುವಿನವರೆಗೆ ಬಂದ ಹನ್ನೆರಡು ವಾಲ್ವಿನ ಎಂಜಿನ್‌ಗಳಲ್ಲಿ ಪಂಪ್ ಪೂರ್ತಿ ಯಾಂತ್ರಿಕ. ಅಲ್ಲಿಂದ ಮುಂದೆ ಇಪ್ಪತ್ನಾಲ್ಕು ವಾಲ್ವು, ಎಲೆಕ್ಟ್ರಾನಿಕ್ ಪಂಪು. 2003ರಿಂದ ಕಾಮನ್ ರೈಲ್, ಅಂದರೆ ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಒತ್ತಡದ ಡೀಸೆಲ್. ಆಯ್ಕೆ ಇದ್ದರೆ ಹನ್ನೆರಡು ವಾಲ್ವಿನದನ್ನೇ ತೆಗೆದುಕೊಳ್ಳಿ. ಅದು ಓಡಲು ಸ್ಟಾರ್ಟರ್ ಮತ್ತು ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್ ಇದ್ದರೆ ಸಾಕು. ಹೊಸದರಲ್ಲಿ ಕಂಪ್ಯೂಟರ್, ಮೀಟರ್ ಬೋರ್ಡ್, ಕೀಲಿ, ಎಲ್ಲ ಒಂದರ ಜೊತೆ ಒಂದು ಮಾತಾಡುತ್ತಿರುತ್ತವೆ. ಒಂದನ್ನು ಕಿತ್ತರೆ ಉಳಿದವು ಮುನಿಸಿಕೊಳ್ಳುತ್ತವೆ. ಹಾಗಾಗಿ ಅಂಥದ್ದು ಸಿಕ್ಕರೆ ಒಂದು ತಂತಿಯನ್ನೂ ಕತ್ತರಿಸದೆ ಇಡೀ ವೈರಿಂಗ್ ಎತ್ತಿಟ್ಟುಕೊಳ್ಳಿ.

ಆ ಸೊಲೆನಾಯ್ಡ್ ಬಗ್ಗೆ ಒಂದು ಮಾತು. ಅದರೊಳಗೆ ಎರಡು ಕಾಯಿಲ್ ಇರುತ್ತವೆ. ಒಂದು ಜೋರಾಗಿ ಎಳೆಯುವುದಕ್ಕೆ, ಇನ್ನೊಂದು ಎಳೆದದ್ದನ್ನು ಹಿಡಿದಿಡುವುದಕ್ಕೆ. ಎಳೆಯುವ ಕಾಯಿಲ್‌ಗೆ ಸ್ಟಾರ್ಟ್ ಮಾಡುವಾಗ ಮಾತ್ರ ಕರೆಂಟ್ ಹೋಗಬೇಕು. ನಾನು ಎರಡನ್ನೂ ಒಂದೇ ಸ್ವಿಚ್ಚಿಗೆ ಕೊಟ್ಟು, ಹತ್ತೇ ನಿಮಿಷದಲ್ಲಿ ಸುಟ್ಟ ವಾಸನೆ ಕುಡಿದೆ.

ಈ ಎಂಜಿನ್ ಸುಮಾರು 500 ಕೆಜಿ ತೂಗುತ್ತದೆ. ‘ಚಾಸಿ ಹಳೆಯದೇ ಇರಲಿ, ಎಂಜಿನ್ ಮಾತ್ರ ಹಾಕೋಣ’ ಅನ್ನುವವರಿಗೆ ನಾನು ಬೇಡ ಅನ್ನುವುದು ಇದಕ್ಕೇ. ಶೆವರ್ಲೆಯ ಹಳೆಯ ಆರು ಸಿಲಿಂಡರಿನ ಎಂಜಿನ್ ಕೊಡುತ್ತಿದ್ದದ್ದು 90 ಚಿಲ್ಲರೆ ಅಶ್ವಶಕ್ತಿ. ಅದಕ್ಕೆ ತಕ್ಕ ಬ್ರೇಕು, ಅದಕ್ಕೆ ತಕ್ಕ ಆಕ್ಸಲ್ ಹೌಸಿಂಗು. ಕಮಿನ್ಸ್ 1989ರಲ್ಲೇ 160 ಅಶ್ವಶಕ್ತಿಯದು, ಎಳೆತವಂತೂ ಹಳೆಯದರ ಎರಡು ಪಟ್ಟಿಗೂ ಜಾಸ್ತಿ.

ಇನ್ನು ಬ್ರೇಕು. ನಿಮ್ಮ ಹಳೆಯ ಗಾಡಿಯಲ್ಲಿ ಪೆಡಲ್ ನೆಲದಿಂದ ಮೇಲೆ ಬಂದಿರುತ್ತದೆ, ಬ್ರೇಕ್ ಎಣ್ಣೆ ಒತ್ತುವ ಮಾಸ್ಟರ್ ಸಿಲಿಂಡರ್ ನೆಲದ ಕೆಳಗೆ. ರ‍್ಯಾಮ್‌ನಲ್ಲಿ ಪೆಡಲ್ ಫೈರ್‌ವಾಲ್‌ನಿಂದ ಇಳಿಬಿದ್ದಿರುತ್ತದೆ. ಅದನ್ನು ಹಾಗೇ ತಂದು ಹಳೆಯ ತಗಡಿಗೆ ಬಿಗಿದರೆ, ಬ್ರೇಕ್ ಒತ್ತಿದಾಗ ಗಾಡಿ ನಿಲ್ಲುವ ಬದಲು ಫೈರ್‌ವಾಲ್ ಬಗ್ಗುತ್ತದೆ. ನಾನು ಪಕ್ಕದಲ್ಲಿ ಕೂತು ಇನ್ನೊಬ್ಬರಿಂದ ಒತ್ತಿಸಿ ನೋಡಿದೆ, ತಗಡು ಉಸಿರಾಡುವಂತೆ ಕಾಣುತ್ತಿತ್ತು. ಹಿಂದೆ ದಪ್ಪ ಪ್ಲೇಟ್ ಕೊಟ್ಟು, ಅಲ್ಲಿಂದ ಡ್ಯಾಶ್ ಕೆಳಗಿನ ಅಡ್ಡಪಟ್ಟಿಗೆ ಒಂದು ಕಂಬಿ ಎಳೆದ ಮೇಲೆ ಸರಿಹೋಯಿತು. ಇನ್ನೊಂದು: ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನದರಂತೆ ಗಾಳಿ ಕಟ್ಟುವ ಬಾಗಿಲಿಲ್ಲ, ಆದ್ದರಿಂದ ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಹುಟ್ಟುವುದಿಲ್ಲ. ವ್ಯಾಕ್ಯೂಮ್ ಪಂಪನ್ನು ‘ಇದೇನಿದು’ ಅಂತ ಕಿತ್ತು ಪಕ್ಕಕ್ಕಿಡಬೇಡಿ.

ರೇಡಿಯೇಟರ್ ಇನ್ನೊಂದು ತಲೆನೋವು. ಹಳೆಯ ಪಿಕಪ್ಪಿನ ಮೂತಿ ಕಿರಿದು, ರ‍್ಯಾಮ್‌ನ ರೇಡಿಯೇಟರ್ ಅಗಲ, ಅದರ ಮುಂದೆ ಟರ್ಬೊದಿಂದ ಬರುವ ಗಾಳಿ ತಣಿಸುವ ಇಂಟರ್‌ಕೂಲರ್ ಬೇರೆ. ಜಾಗ ಸಾಲದೆಂದು ಇಂಟರ್‌ಕೂಲರ್ ಬಿಡುವ ಆಸೆ ಬರುತ್ತದೆ, ಬಿಡಬೇಡಿ. ಕಿರಿದಾದ, ದಪ್ಪ ಕೋರ್ ಇರುವ ಜೋಡಿ ಮಾಡಿಸಿಕೊಳ್ಳಿ. ಟೈರುಗಳೂ ಮಡ್‌ಗಾರ್ಡಿನಿಂದ ಆಚೆ ಇಣುಕುತ್ತವೆ, ಹೊಸ ಆಕ್ಸಲ್ ಅಗಲ. ನಾನು ಹಿಂದಿನ ಮಡ್‌ಗಾರ್ಡನ್ನು ಉದ್ದಕ್ಕೆ ಸೀಳಿ ನಡುವೆ ಪಟ್ಟಿ ಸೇರಿಸಿದೆ. ವಿದ್ಯುತ್ ವಿಷಯ ನಿಮಗೆ ಗೊತ್ತಿರಬಹುದು: 1950ರ ದಶಕದ ಮೊದಲ ವರ್ಷಗಳ ಶೆವರ್ಲೆ 6 ವೋಲ್ಟಿನದು. ಬಲ್ಬು, ವೈಪರ್, ಮೀಟರ್ ಎಲ್ಲಕ್ಕೂ 12ರ ಲೆಕ್ಕ ಹಾಕಬೇಕು. ಹಳೆಯ ಪೆಟ್ರೋಲ್ ಟ್ಯಾಂಕ್ ಬಿಟ್ಟು ರ‍್ಯಾಮ್‌ನದನ್ನೇ ಇಟ್ಟುಕೊಳ್ಳಿ, ಡೀಸೆಲ್‌ಗೆ ವಾಪಸ್ ಬರುವ ಪೈಪೂ ಬೇಕು.

ಕಾಗದ ಪತ್ರದ ಮಾತು ಕೊನೆಗೆ ಬಂತು, ಆದರೆ ನೀವು ಮೊದಲು ಮಾಡಬೇಕಾದದ್ದು ಅದನ್ನೇ. ಎರಡು ಗಾಡಿ, ಎರಡು ನಂಬರು. ಕಾನೂನಿನ ಕಣ್ಣಿಗೆ ಇದು ಯಾವ ಗಾಡಿ ಅನ್ನುವುದನ್ನು ನಿಮ್ಮಲ್ಲಿನ ನೋಂದಣಿ ಕಚೇರಿಯಿಂದ ಬರಹದಲ್ಲಿ ಕೇಳಿ. ಹಳೆಯ ಗಾಡಿಯ ಗುರುತಿನ ನಂಬರ್ ಕೊರೆದ ತಗಡನ್ನು ಕಿತ್ತು ಹೊಸ ಚಾಸಿಗೆ ಹಚ್ಚುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ಅದು ಜೈಲಿನ ದಾರಿ.

ರ‍್ಯಾಮ್ ಕೊಂಡರೆ, ಅದರ ಬಾಡಿ ಬಿಚ್ಚುವ ಮೊದಲು ಒಂದು ವಾರ ಓಡಿಸಿ ನೋಡಿ. ಗೇರ್ ಬೀಳುತ್ತಾ, ಬ್ರೇಕ್ ಎಳೆಯುತ್ತಾ, ಎಲ್ಲಿ ಸೋರುತ್ತದೆ ಎಲ್ಲ ಬರೆದಿಟ್ಟುಕೊಳ್ಳಿ. ಹಿಂದಿನಿಂದ ಪೆಟ್ಟು ಬಿದ್ದಿದೆ ಅಂದಿರಿ, ಕೊಳ್ಳುವ ಮೊದಲೇ ಚಾಸಿಯನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡು ಅಳತೆ ಒಂದೇ ಬರದಿದ್ದರೆ ಆ ಗಾಡಿ ಬೇಡ. ಸರಿಯಾಗಿ ಬಂದರೆ, ಎರಡೂ ಗಾಡಿಯ ಆಕ್ಸಲ್‌ನಿಂದ ಫೈರ್‌ವಾಲ್‌ಗಿರುವ ದೂರ ಬರೆದು ಕಳಿಸಿ. ಎಷ್ಟು ಆಳದ ಗೂಡು ಬೇಕಾಗುತ್ತದೆ ಅಂತ ಕೂತು ಲೆಕ್ಕ ಹಾಕೋಣ.