ಮೂರೇ ಗುಂಡಿಯ ಟ್ರಂಪೆಟ್‌ನಲ್ಲಿ ಕ್ಲಾಸಿಕಲ್, ಜಾಝ್ ಎರಡನ್ನೂ ನುಡಿಸುವುದು ಅಷ್ಟು ಕಷ್ಟವೇ?

ನಿಮ್ಮ ಪ್ರಶ್ನೆ ಓದಿದೆ. ಒಬ್ಬರೇ ವಾದಕರು ಒಂದೇ ಕಚೇರಿಯಲ್ಲಿ ಮೊದಲು ಪಾಶ್ಚಾತ್ಯ ಕ್ಲಾಸಿಕಲ್, ಆಮೇಲೆ ಜಾಝ್ ನುಡಿಸಿದ್ದನ್ನು ಕೇಳಿದಿರಿ, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಆದರೆ ಅದರಲ್ಲಿ ಅಂಥದ್ದೇನಿದೆ ಅಂತ ನಿಮಗೆ ಗೊತ್ತಾಗಲಿಲ್ಲ, ಇರುವುದೇ ಮೂರು ಗುಂಡಿ ಅಲ್ವಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯವನು. 19 ವರ್ಷದಿಂದ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದೇನೆ. ಹೌದು, ತುಂಬಾ ಕಷ್ಟ.

ಗುಂಡಿಯಿಂದಲೇ ಶುರು ಮಾಡುತ್ತೇನೆ. ಹಾರ್ಮೋನಿಯಂನಲ್ಲಿ ಒಂದು ಮನೆಗೆ ಒಂದು ಸ್ವರ. ಟ್ರಂಪೆಟ್‌ನಲ್ಲಿ ಹಾಗಿಲ್ಲ. ಅದು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ, ಸುತ್ತಿ ಇಟ್ಟಿದ್ದಾರೆ ಅಷ್ಟೇ. ಗುಂಡಿ ಒತ್ತಿದರೆ ಗಾಳಿ ಇನ್ನೊಂದು ಸುತ್ತು ಹೋಗಿ ಬರುತ್ತದೆ, ಸ್ವರ ಇಳಿಯುತ್ತದೆ. ನಡುವಿನ ಗುಂಡಿಗೆ ಅರ್ಧ ಸ್ವರ, ಮೊದಲನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದೂವರೆ. ಹೇಗೆ ಒತ್ತಿದರೂ ಸಿಗುವುದು 7 ಬೇರೆ ಬೇರೆ ಉದ್ದ ಮಾತ್ರ. ಉಳಿದದ್ದೆಲ್ಲ ತುಟಿಯ ಕೆಲಸ. ಒಂದೂ ಗುಂಡಿ ಒತ್ತದೆ ತುಟಿ ಸ್ವಲ್ಪ ಬಿಗಿ ಮಾಡಿದರೆ ಸಾ ಇದ್ದದ್ದು ಪಾ ಆಗುತ್ತದೆ, ಇನ್ನೂ ಬಿಗಿ ಮಾಡಿದರೆ ಮೇಲಿನ ಸಾ, ಆಮೇಲೆ ಗಾ. ಕೂದಲೆಳೆಯಷ್ಟು ತಪ್ಪಿದರೂ ಪಕ್ಕದ ಸ್ವರ ಹೊರಗೆ ಬರುತ್ತದೆ, ಎಲ್ಲರಿಗೂ ಕೇಳಿಸುತ್ತದೆ.

ಜಾತ್ರೆಯಲ್ಲಿ ಊದುವ ಕಹಳೆಗೆ ಗುಂಡಿಯೇ ಇಲ್ಲವಲ್ಲ, ಯುರೋಪಿನ ಹಳೆಯ ಟ್ರಂಪೆಟ್ ಕೂಡ ಹಾಗೇ ಇತ್ತು. ಅದರಲ್ಲಿ ಕೆಳಗಿನ ಸ್ವರಗಳ ನಡುವೆ ದೊಡ್ಡ ಸಂದು, ನಡುನಡುವೆ ಮೆಟ್ಟಿಲು ಕಿತ್ತ ಏಣಿ ಅಂದುಕೊಳ್ಳಿ. ವಿಯೆನ್ನಾದ ಆಂಟನ್ ವೈಡಿಂಗರ್ ಎಂಬ ವಾದಕರು ಕೊಳವೆಗೆ ತೂತು ಮಾಡಿ, ಅದನ್ನು ಮುಚ್ಚಿ ತೆರೆಯುವ ಕೀಲಿ ಕೂರಿಸಿದ ಟ್ರಂಪೆಟ್ ನುಡಿಸುತ್ತಿದ್ದರು. ಅವರಿಗಾಗಿಯೇ ಜೋಸೆಫ್ ಹೇಡನ್ 1796ರಲ್ಲಿ ಒಂದು ಕನ್ಚೆರ್ಟೊ ಬರೆದರು, ಅಂದರೆ ಒಂದು ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ. ಈಗಿನ ವಾಲ್ವ್, ಅಂದರೆ ಈ ಗುಂಡಿ, ಬಂದದ್ದು ಅದಾದ ಮೇಲೆ, 1810ರ ದಶಕದಲ್ಲಿ. ಆ ಕೃತಿಯಲ್ಲಿ ಟ್ರಂಪೆಟ್‌ನ ಮೊದಲ ಸಾಲೇ ಕೆಳಗಡೆ ಸಾ ರೀ ಗಾ ಅಂತ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಹಳೆಯ ಟ್ರಂಪೆಟ್‌ಗೆ ಆ ಜಾಗದಲ್ಲಿ ರೀ ಇರಲೇ ಇಲ್ಲ. ಇಷ್ಟು ತಿಳಿದು ಕೇಳಿದರೆ ಆ ಸರಳ ಮೂರು ಸ್ವರ ನನಗೆ ಇವತ್ತಿಗೂ ಮೈ ಜುಂ ಅನ್ನಿಸುತ್ತದೆ.

ಇಂಥದ್ದೇ ಒಂದು ಕಚೇರಿಯನ್ನು ನಾನು ಹೈದರಾಬಾದಿನಲ್ಲಿ ಕೇಳಿದ್ದೇನೆ. ನಮ್ಮ ಬ್ಯಾಂಡ್ ಮಾಸ್ಟರ್, ನಾವೆಲ್ಲ ಚಾಚಾ ಅನ್ನುತ್ತೇವೆ, ಬಲವಂತ ಮಾಡಿ ರೈಲು ಹತ್ತಿಸಿದರು. ವೇದಿಕೆಯ ಮೇಲೆ ಎರಡು ಟ್ರಂಪೆಟ್ ಇದ್ದವು. ಹೇಡನ್‌ಗೆ ಚಿಕ್ಕದು, ಜಾಝ್‌ಗೆ ನಾವು ಊದುವಂಥದ್ದೇ. ಜೊತೆಗೆ ಪಿಯಾನೊ, ಆಮೇಲೆ ಡ್ರಮ್, ಬೇಸ್ ಸೇರಿಕೊಂಡವು. ನಾನು ಬೆರಳು ನೋಡುತ್ತಿದ್ದೆ. ಚಾಚಾ ಮೊಣಕೈಯಿಂದ ತಿವಿದು, "ಬೆರಳು ಬಿಡಪ್ಪ, ಉಸಿರು ಎಲ್ಲಿ ತಗೋತಾನೆ ನೋಡು" ಅಂದರು. ಮೆರವಣಿಗೆಯಲ್ಲಿ ಜನರೇಟರ್ ಸದ್ದು, ಪಟಾಕಿ, ಡೊಳ್ಳು, ಇವುಗಳ ಮೇಲೆ ಕೇಳಿಸಬೇಕು ಅಂತ ಊದುವವರು ನಾವು, ಜೋರಾಗಿ ಮೇಲಿನ ಸ್ವರ ಹಿಡಿದರೆ ಅದೇ ದೊಡ್ಡ ವಿದ್ಯೆ ಅಂತ ನಾನು ಅಲ್ಲಿಯವರೆಗೆ ನಂಬಿದ್ದೆ. ಆ ಮನುಷ್ಯ ಹೇಡನ್ ಕೃತಿಯ ಎರಡನೇ ಭಾಗವನ್ನು ಎಷ್ಟು ಮೆತ್ತಗೆ ನುಡಿಸಿದ ಅಂದರೆ ಹಿಂದಿನ ಸಾಲಿನವರು ಕುರ್ಚಿ ಸರಿಸಿದ್ದು ಕೇಳಿಸಿತು. ಟ್ರಂಪೆಟ್ ಮೆತ್ತಗೆ ಊದುವುದು ಜೋರಾಗಿ ಊದುವುದಕ್ಕಿಂತ ಕಷ್ಟ. ಗಾಳಿ ಕಡಿಮೆಯಾದರೆ ತುಟಿ ನಡುಗುವುದೇ ನಿಂತುಬಿಡುತ್ತದೆ.

ಈಗ ಎರಡರ ವ್ಯತ್ಯಾಸಕ್ಕೆ ಬರುತ್ತೇನೆ. ಕ್ಲಾಸಿಕಲ್‌ನಲ್ಲಿ ನಾಲಿಗೆ ತು-ಕು-ತು-ಕು ಅನ್ನುತ್ತದೆ, ತೊಗರಿ ಕಾಳು ಒಂದೊಂದೇ ಮೊರಕ್ಕೆ ಬಿದ್ದ ಹಾಗೆ ಸ್ವರಗಳು ಬಿಡಿಬಿಡಿಯಾಗಿ, ಒಂದೇ ಗಾತ್ರದಲ್ಲಿ ಬರಬೇಕು. ಜಾಝ್‌ನಲ್ಲಿ ಅದೇ ನಾಲಿಗೆ ದೂ-ದ, ದೂ-ದ ಅಂತ ಮೆತ್ತಗಾಗಬೇಕು. ಎರಡು ಸ್ವರ ಇದ್ದರೆ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಅದನ್ನೇ ಸ್ವಿಂಗ್ ಅನ್ನುತ್ತಾರೆ. ಗುಂಡಿಯನ್ನು ಅರ್ಧ ಮಾತ್ರ ಒತ್ತಿ ನಮ್ಮ ಮೀಂಡ್ ತರಹ ಸ್ವರ ಜಾರಿಸುವುದೂ ಉಂಟು. ಕ್ಲಾಸಿಕಲ್‌ನಲ್ಲಿ ಹಾಗೆ ಜಾರಿದರೆ ತಪ್ಪು! ಇನ್ನು ಕ್ಲಾಸಿಕಲ್‌ನಲ್ಲಿ ಬರೆದದ್ದನ್ನು ನುಡಿಸಬೇಕು, ಜಾಝ್‌ನಲ್ಲಿ ಅಲ್ಲೇ ಕಟ್ಟಬೇಕು. ಜಾಝ್‌ನವರು ತುಂಬಾ ನುಡಿಸುವ ಬ್ಲೂಸ್ ಎಂಬ ಪ್ರಕಾರದಲ್ಲಿ 12 ಬಾರ್‌ಗಳ, ಅಂದರೆ 12 ತಾಳದ ಅಳತೆಗಳ, ಒಂದು ಸುತ್ತು ತಿರುಗುತ್ತಲೇ ಇರುತ್ತದೆ. ಖಯಾಲ್ ಕೇಳಿದವರಿಗೆ ಇದು ಬೇಗ ಹಿಡಿಯುತ್ತದೆ, ಗಾಯಕರು ಆವರ್ತನದೊಳಗೆ ತಾನ್ ಹೊಡೆದು ಸಮಕ್ಕೆ ಬರುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಕೆಳಗೆ ಹಿಡಿದ ಸ್ವರಗುಚ್ಛ ಬದಲಾಗುತ್ತಾ ಹೋಗುತ್ತದೆ, ವಾದಕರು ಅದರ ಹಿಂದೆಯೇ ಹೋಗಬೇಕು.

ಎಷ್ಟೋ ವರ್ಷ ಒಂದು ಕಡೆ ಪಳಗಿದ ತುಟಿ, ನಾಲಿಗೆಯನ್ನು ಇಪ್ಪತ್ತು ನಿಮಿಷದ ವಿರಾಮದಲ್ಲಿ ಇನ್ನೊಂದು ಕಡೆ ತಿರುಗಿಸಬೇಕು. ಅಷ್ಟು ಹೊತ್ತಿಗೆ ತುಟಿ ಅರ್ಧ ಸೋತಿರುತ್ತದೆ ಬೇರೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಹೆಸರು ಇದಕ್ಕೇ ದೊಡ್ಡದು. 1984ರಲ್ಲಿ, 22ರ ವಯಸ್ಸಿನಲ್ಲಿ, ಜಾಝ್‌ಗೂ ಕ್ಲಾಸಿಕಲ್‌ಗೂ ಒಂದೇ ವರ್ಷ ಗ್ರ್ಯಾಮಿ ಸಂಗೀತ ಪ್ರಶಸ್ತಿ ಪಡೆದರು. ಆ ಕ್ಲಾಸಿಕಲ್ ರೆಕಾರ್ಡಿನಲ್ಲಿ ಇದೇ ಹೇಡನ್ ಕೃತಿ ಇದೆ. ಮರುವರ್ಷವೂ ಎರಡೂ ಬಂದವು.

ಒಂದು ಮಾತು ನೇರವಾಗಿ ಹೇಳುತ್ತೇನೆ. ಹೇಡನ್ ಕೆಳಗೆ ಸುಮ್ನೆ ಡ್ರಮ್ ಸೇರಿಸಿ ಬೆರಕೆ ಅನ್ನುವುದು ನನಗೆ ಇಷ್ಟವಿಲ್ಲ. ಎರಡೂ ನಿಜವಾಗಿ ಕೂಡುವ ಜಾಗ ಬೇರೆ ಇದೆ. ಹೇಡನ್ ಕೃತಿಯ ಮೊದಲ ಭಾಗದ ಕೊನೆಗೆ ಎಲ್ಲ ವಾದ್ಯ ನಿಂತು ಟ್ರಂಪೆಟ್ ಒಂದೇ ಉಳಿಯುತ್ತದೆ, ಕಡೆನ್ಜಾ ಅನ್ನುತ್ತಾರೆ. ಅಲ್ಲಿ ವಾದಕರು ತಮ್ಮದೇ ನುಡಿಸಬಹುದು. ಹೈದರಾಬಾದಿನಲ್ಲಿ ಅಂದು ಆ ವಾದಕ ಅಲ್ಲಿ ಹೇಡನ್ ರಾಗವನ್ನೇ ಬಿಡಿಸುತ್ತಾ ಬಿಡಿಸುತ್ತಾ ಒಂದು ಗಾಂಧಾರವನ್ನು ಸ್ವಲ್ಪ ಬಗ್ಗಿಸಿ ಕೋಮಲದ ಕಡೆ ಇಳಿಸಿದ. ಅಷ್ಟೇ, ಒಂದೇ ಸ್ವರ. ಬ್ಲೂಸ್ ಅಲ್ಲಿಂದ ಇಣುಕಿ ಹೋಯಿತು. ಚಾಚಾ ಬಾಯಿಂದ "ವಾಹ್" ಬಂದೇ ಬಿಟ್ಟಿತು, ಮುಂದಿನ ಸಾಲಿನವರು ತಿರುಗಿ ನೋಡಿದರು.

ನೀವು ಮನೆಯಲ್ಲಿ ಕೇಳುವುದಾದರೆ ಹೇಡನ್ ಕೃತಿಯ ಆ ಕಡೆನ್ಜಾ ಕೇಳಿ, ಅದರ ಹಿಂದೆಯೇ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ 1928ರಲ್ಲಿ ರೆಕಾರ್ಡ್ ಮಾಡಿದ 'ವೆಸ್ಟ್ ಎಂಡ್ ಬ್ಲೂಸ್' ಹಾಕಿ. ಶುರುವಿನಲ್ಲಿ ಅವರೂ ಒಬ್ಬರೇ ನುಡಿಸುತ್ತಾರೆ, ಹತ್ತು ಹದಿನೈದು ಸೆಕೆಂಡ್. ಫೋನಿನ ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ.

ಕಲಬುರಗಿ ಕಡೆ ಬಂದರೆ ಆಷಾಢದಲ್ಲಿ ಬನ್ನಿ. ಮದುವೆ ಇರುವುದಿಲ್ಲ, ನಾವು ಬಿಡುವಾಗಿರುತ್ತೇವೆ. ನನ್ನ ಟ್ರಂಪೆಟ್ ನಿಮ್ಮ ಕೈಗೆ ಕೊಡುತ್ತೇನೆ. ಗುಂಡಿ ಮುಟ್ಟದೆ ಸಾ, ಪಾ, ಮೇಲಿನ ಸಾ ತೆಗೆಯಲು ನೋಡಿ, ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ.