ತೋರಿಸಿಕೊಟ್ಟವರ ಮೇಲೆ ಕೇಸು ಬೇಡ

ಓದುಗರೊಬ್ಬರ ಪತ್ರದ ಸಾರ: "ಇಂದಿನ ವಿಮಾನವಾಗಲಿ ಕಾರಾಗಲಿ ಕಂಪ್ಯೂಟರ್ ಹೇಳಿದಂತೆ ಕೇಳುತ್ತದೆ. ಪ್ರಯಾಣಿಕರ ಸೀಟಿನಲ್ಲಿ ಕೂತ ಹ್ಯಾಕರ್ ಒಬ್ಬ ಲ್ಯಾಪ್‌ಟಾಪಿನಿಂದಲೇ ವಿಮಾನವನ್ನು ವಶಕ್ಕೆ ತೆಗೆದುಕೊಂಡರೆ ಯಾರು ಹೊಣೆ? ಉಕ್ಕಿನ ಕೇಬಲ್ಲು, ಸನ್ನೆಕೋಲುಗಳಿದ್ದ ಹಳೆಯ ಕಾಲವೇ ಮೇಲಲ್ಲವೆ? ಎಲ್ಲಕ್ಕಿಂತ ಮೊದಲು, ಇಂಥ ವಿದ್ಯೆಯನ್ನು ವೇದಿಕೆ ಹತ್ತಿ ಪ್ರದರ್ಶಿಸಿ ಕಳ್ಳರಿಗೆ ದಾರಿ ತೋರಿಸುವ ಸಂಶೋಧಕರನ್ನು ಜೈಲಿಗೆ ಕಳಿಸಬೇಕು. ಕೊನೆಯದಾಗಿ, ನನ್ನ ಹೊಸ ಕಾರಿನ ಜೊತೆ ಬಂದ ಮೊಬೈಲ್ ಆ್ಯಪನ್ನು ತೆಗೆದುಹಾಕಲೆ?"

ಮಾನ್ಯರೇ,

ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು ನೀವು ಎಂಬುದು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿದ ರೀತಿಯಲ್ಲೇ ಗೊತ್ತಾಗುತ್ತದೆ. ಈ ವಿಷಯದ ಬಗ್ಗೆ ಬರುವ ಪತ್ರಗಳಲ್ಲಿ ಭಯವೇ ಹೆಚ್ಚು, ಪ್ರಶ್ನೆ ಕಡಿಮೆ. ನಿಮ್ಮದು ಹಾಗಲ್ಲ. ಆದರೆ ನಿಮ್ಮ ಮೂರನೆಯ ಮಾತಿನ ಮೇಲೆ ನನಗೆ ತಕರಾರಿದೆ, ಸಣ್ಣ ತಕರಾರಲ್ಲ.

ಮೊದಲು ವಿಮಾನದ ಮಾತು ಮುಗಿಸೋಣ. ನಿಮ್ಮ ಆತಂಕ ಸುಳ್ಳೇನಲ್ಲ. 2008ರಲ್ಲಿ, ಬೋಯಿಂಗ್ 787ಕ್ಕೆ ಪರವಾನಗಿ ಕೊಡುವುದಕ್ಕೆ ಮೊದಲೇ, ಅಮೆರಿಕದ ವಿಮಾನಯಾನ ಆಡಳಿತವೇ ಒಂದು ವಿಶೇಷ ಷರತ್ತು ಹಾಕಿತು. ಪ್ರಯಾಣಿಕರು ಬಳಸುವ ಜಾಲದಿಂದ ಹಾರಾಟದ ವ್ಯವಸ್ಥೆಗೆ ಯಾರೂ ನುಗ್ಗಲಾಗದೆಂದು ಕಂಪನಿ ತೋರಿಸಿಕೊಡಬೇಕು ಎಂಬ ಷರತ್ತು. ಅಂದರೆ ಈ ಅನುಮಾನ ತಿಳಿದವರಿಗೂ ಬಂದಿತ್ತು. 2015ರಲ್ಲಿ ಒಬ್ಬ ಅಮೆರಿಕನ್ ಸಂಶೋಧಕ, ಸೀಟಿನ ಕೆಳಗಿನ ಮನರಂಜನಾ ಪೆಟ್ಟಿಗೆಗೆ ತಂತಿ ಜೋಡಿಸಿ ಹಾರುತ್ತಿದ್ದ ವಿಮಾನಕ್ಕೆ ಮೇಲೇರುವ ಆದೇಶ ಕೊಟ್ಟಿದ್ದೆನೆಂದು ಹೇಳಿಕೊಂಡಿದ್ದಾಗಿ ಎಫ್‌ಬಿಐ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ಬರೆಯಿತು. ನೀವು ಓದಿರುವುದು ಬಹುಶಃ ಇದೇ ಸುದ್ದಿ. ಅದರ ಮುಂದಿನ ಭಾಗ ಅಷ್ಟು ಪ್ರಚಾರ ಪಡೆಯಲಿಲ್ಲ. ವಿಮಾನ ನಿಜಕ್ಕೂ ಹಾಗೆ ಚಲಿಸಿತೆಂಬುದಕ್ಕೆ ಪುರಾವೆ ಹೊರಬರಲಿಲ್ಲ, ಮನರಂಜನೆಯ ಜಾಲವೂ ಹಾರಾಟದ ಜಾಲವೂ ಬೇರೆ ಬೇರೆ ಎಂದು ತಯಾರಕರು ಹೇಳಿದರು, ಆ ವ್ಯಕ್ತಿಯ ಮೇಲೆ ಮೊಕದ್ದಮೆಯೂ ಹೂಡಲಿಲ್ಲ.

ಹಾರಾಟದ ಕಂಪ್ಯೂಟರ್ ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಿನ ಜಾತಿಯದಲ್ಲ. ಏರ್‌ಬಸ್ ಎ320ರಲ್ಲಿ ರೆಕ್ಕೆ ಬಾಲಗಳನ್ನು ಆಡಿಸುವ ಕಂಪ್ಯೂಟರುಗಳು ಒಂದೇ ಬಗೆಯವಲ್ಲ. ಬೇರೆ ಪ್ರೊಸೆಸರ್, ಬೇರೆ ಸಾಫ್ಟ್‌ವೇರ್. ಬೋಯಿಂಗ್ 777ರಲ್ಲಿ ಮೂರು ಮುಖ್ಯ ಕಂಪ್ಯೂಟರುಗಳು, ಪ್ರತಿಯೊಂದರೊಳಗೂ ಮೂರು ಬೇರೆ ಕಂಪನಿಗಳ ಪ್ರೊಸೆಸರುಗಳು. ಒಂದರಲ್ಲಿರುವ ಹುಳುಕು ಇನ್ನೊಂದರಲ್ಲಿ ಇರಬಾರದೆಂದೇ ಈ ಏರ್ಪಾಡು. ನಿಜವಾದ ತೊಂದರೆ ಸದ್ಯಕ್ಕೆ ಹೊರಗಿನಿಂದ ಬರುತ್ತಿದೆ. 2023ರ ಸೆಪ್ಟೆಂಬರಿನಿಂದೀಚೆಗೆ ಇರಾಕ್, ಇರಾನ್ ಸುತ್ತಮುತ್ತ ಹಾರುವ ವಿಮಾನಗಳಿಗೆ ನಕಲಿ ಜಿಪಿಎಸ್ ಸಂಕೇತಗಳು ಬರತೊಡಗಿವೆ. ವಿಮಾನ ತಾನಿರುವ ಜಾಗವನ್ನೇ ತಪ್ಪು ತಿಳಿಯುತ್ತದೆ, ಗಡಿಯಾರ ಅಡ್ಡಾದಿಡ್ಡಿಯಾಗುತ್ತದೆ, ಆಕಾಶದ ನಡುವೆ "ನೆಲ ಬಂತು, ಮೇಲೇರು" ಎಂದು ಎಚ್ಚರಿಕೆ ಕೂಗುತ್ತದೆ. ಒಳಗೆ ಯಾರೂ ನುಗ್ಗಿಲ್ಲ, ಯಂತ್ರ ಕೇಳಿಸಿಕೊಂಡದ್ದು ಸುಳ್ಳು, ಅಷ್ಟೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೂ ಕಾಕ್‌ಪಿಟ್ಟಿನಲ್ಲಿ ಇಬ್ಬರು ಕೂತಿರುವವರೆಗೆ, ಅವರ ಕೈಗೆ ಪರ್ಯಾಯ ಉಪಕರಣಗಳು ಸಿಗುವವರೆಗೆ, ನಾನು ವಿಮಾನ ಹತ್ತುತ್ತೇನೆ. ನೀವೂ ಹತ್ತಿ.

ಇನ್ನು ಹಳೆಯ ಕಾಲದ ಕೇಬಲ್ಲುಗಳು. 1974ರ ಮಾರ್ಚ್ 3ರಂದು ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10 ವಿಮಾನ ಪ್ಯಾರಿಸ್ಸಿನಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಸರಕು ಕೋಣೆಯ ಬಾಗಿಲು ಕಿತ್ತುಹೋಯಿತು. ಒಳಗಿನ ಗಾಳಿ ಒಮ್ಮೆಲೇ ಹೊರನುಗ್ಗಿದ ರಭಸಕ್ಕೆ ಮೇಲಿನ ನೆಲ ಕುಸಿಯಿತು. ಆ ನೆಲದಡಿಯಲ್ಲೇ ಬಾಲಕ್ಕೆ ಹೋಗುತ್ತಿದ್ದವು, ನೀವು ಮೆಚ್ಚುವ ಆ ಉಕ್ಕಿನ ಕೇಬಲ್ಲುಗಳು. ತುಂಡಾದವು. 346 ಜನ ಸತ್ತರು. ಹ್ಯಾಕರ್ ಇರಲಿಲ್ಲ, ಸಾಫ್ಟ್‌ವೇರ್ ಇರಲಿಲ್ಲ. ಇದ್ದದ್ದು ಮುಚ್ಚಿಟ್ಟ ತಿಳಿವಳಿಕೆ. ಎರಡು ವರ್ಷ ಮೊದಲು, 1972ರಲ್ಲಿ, ಕೆನಡಾದ ವಿಂಡ್ಸರ್ ಮೇಲೆ ಇನ್ನೊಂದು ಡಿಸಿ-10ರ ಬಾಗಿಲು ಹೀಗೇ ಹಾರಿಹೋಗಿತ್ತು. ಅಂದು ಎಲ್ಲರೂ ಬದುಕಿದರು. ಅದಾಗಿ ವಾರಗಳೊಳಗೆ, ವಿಮಾನದ ಮೈ ತಯಾರಿಸಿದ ಗುತ್ತಿಗೆ ಕಂಪನಿಯ ಎಂಜಿನಿಯರ್ ಡ್ಯಾನ್ ಆ್ಯಪಲ್‌ಗೇಟ್, ಹೀಗೇ ಬಿಟ್ಟರೆ ಮುಂದೆ ಬಾಗಿಲು ಹಾರುವುದೂ ವಿಮಾನ ಬೀಳುವುದೂ ಖಂಡಿತ ಎಂದು ತನ್ನ ಮೇಲಿನವರಿಗೆ ಬರೆದ. ಕಡತ ಸೇರಿತು ಆ ಪತ್ರ. ವಿಮಾನ ತಯಾರಿಸಿದ ಕಂಪನಿಯೂ ವಿಮಾನಯಾನ ಆಡಳಿತವೂ ಬಾಗಿಲು ಸರಿಪಡಿಸುವ ಬಗ್ಗೆ ಕಡ್ಡಾಯ ಆದೇಶದ ಗೊಡವೆಯಿಲ್ಲದೆ ಮಾತಿನಲ್ಲೇ ಒಪ್ಪಂದ ಮಾಡಿಕೊಂಡಿದ್ದವು.

ಈಗ ನಮ್ಮ ಕಾಲಕ್ಕೆ ಬನ್ನಿ. ಬೋಯಿಂಗ್ 737 ಮ್ಯಾಕ್ಸ್. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದ ಬಳಿ 189 ಜನ, 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ 157 ಜನ. ಕೂಡಿಸಿ ನೋಡಿ, ಮತ್ತೆ 346. ಮೂತಿಯನ್ನು ಕೆಳಕ್ಕೆ ಒತ್ತುವ ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಒಂದೇ ಒಂದು ಸೆನ್ಸರನ್ನು ನಂಬಿ ಕೂತಿತ್ತು. ಆ ಸೆನ್ಸರ್ ತಪ್ಪು ಹೇಳಿದಾಗ ಪೈಲಟ್ ಎಷ್ಟು ಸಲ ಮೇಲೆತ್ತಿದರೂ ಅದು ಮತ್ತೆ ಮತ್ತೆ ಕೆಳಕ್ಕೆ ಒತ್ತಿತು. ವಿಮಾನವನ್ನು ಪೈಲಟ್ ಕೈಯಿಂದ ಕಿತ್ತುಕೊಂಡದ್ದು ಎಂದರೆ ಇದು. ಮೊದಲ ಅಪಘಾತದ ಹೊತ್ತಿಗೆ ಅಂಥದೊಂದು ವ್ಯವಸ್ಥೆ ಇದೆಯೆಂದು ಪೈಲಟ್‌ಗಳ ಕೈಪಿಡಿಯಲ್ಲಿ ವಿವರಣೆಯೇ ಇರಲಿಲ್ಲ. ಕೇಬಲ್ಲಿನ ಕಾಲಕ್ಕೂ ಕಂಪ್ಯೂಟರಿನ ಕಾಲಕ್ಕೂ ನಡುವೆ ನಾಲ್ಕು ದಶಕ ಮೀರಿದ ಅಂತರ. ಕೊಂದದ್ದು ಎರಡೂ ಸಲ ಒಂದೇ: ಗೊತ್ತಿದ್ದವರು ಹೇಳಲಿಲ್ಲ.

ಅದಕ್ಕೇ ಹೇಳುತ್ತೇನೆ, ನೀವು ಜೈಲಿಗೆ ಕಳಿಸಬೇಕೆಂದ ಜನರೇ ನನ್ನ ಪಾಲಿಗೆ ಈ ಕಾಲದ ಆ್ಯಪಲ್‌ಗೇಟ್‌ಗಳು. ಒಂದು ವ್ಯತ್ಯಾಸವಿದೆ. ಇವರ ಪತ್ರ ಕಡತದಲ್ಲಿ ಕೊಳೆಯುವುದಿಲ್ಲ.

2015ರ ಜುಲೈನಲ್ಲಿ ಚಾರ್ಲಿ ಮಿಲ್ಲರ್, ಕ್ರಿಸ್ ವಾಲಸೆಕ್ ಎಂಬಿಬ್ಬರು ಮಾಡಿದ್ದು ನಿಮಗೆ ಗೊತ್ತಿರಬಹುದು. ಪತ್ರಕರ್ತನೊಬ್ಬ ಸೇಂಟ್ ಲೂಯಿಸ್ ನಗರದ ಹೆದ್ದಾರಿಯಲ್ಲಿ ಜೀಪ್ ಚೆರೋಕಿ ಓಡಿಸುತ್ತಿದ್ದ. ಇವರು ಮೈಲುಗಟ್ಟಲೆ ದೂರದ ಮನೆಯೊಂದರಲ್ಲಿ ಕೂತಿದ್ದರು. ಎ.ಸಿ. ತಾನಾಗಿ ಜೋರಾಯಿತು, ರೇಡಿಯೋ ಕಿವಿ ಕಿತ್ತುಹೋಗುವಷ್ಟು ಕಿರುಚಿತು, ಗುಂಡಿ ತಿರುಗಿಸಿದರೂ ಕೇಳಲಿಲ್ಲ. ವೈಪರ್ ಆಡತೊಡಗಿ ಗಾಜಿನ ತುಂಬ ನೀರು. ಆಮೇಲೆ ಎಕ್ಸಿಲರೇಟರ್ ಒತ್ತಿದರೆ ಎಂಜಿನ್ ಮೊರೆಯುತ್ತದೆ, ಕಾರು ಮಾತ್ರ ನಿಧಾನವಾಗುತ್ತಲೇ ಹೋಗುತ್ತದೆ. ರಸ್ತೆಬದಿಗೆ ಸರಿಯಲು ಜಾಗವಿಲ್ಲ, ಹಿಂದೆ ಲಾರಿ. ಕಾರಿನ ಮನರಂಜನಾ ವ್ಯವಸ್ಥೆ ಮೊಬೈಲ್ ಜಾಲಕ್ಕೆ ತೆರೆದುಕೊಂಡಿತ್ತು, ಅಲ್ಲಿಂದ ಒಳಗಿನ ನಿಯಂತ್ರಣಕ್ಕೆ ದಾರಿ ಇತ್ತು. ಓಡುವ ರಸ್ತೆಯಲ್ಲಿ ಅದನ್ನು ಮಾಡಿದ್ದು ಸರಿಯಲ್ಲ ಎಂದು ನೀವೆಂದರೆ ಒಪ್ಪುತ್ತೇನೆ. ಆದರೆ ಮುಂದೇನಾಯಿತು ನೋಡಿ. ಲೇಖನ ಬಂದದ್ದು ಜುಲೈ 21ಕ್ಕೆ. ಜುಲೈ 24ಕ್ಕೆ ಫಿಯಟ್ ಕ್ರೈಸ್ಲರ್ 14 ಲಕ್ಷ ವಾಹನಗಳನ್ನು ದುರಸ್ತಿಗೆ ವಾಪಸ್ ಕರೆಯಿತು. ದೋಷವನ್ನು ಆ ಇಬ್ಬರು ಕಂಪನಿಗೆ ತಿಳಿಸಿದ್ದು ತಿಂಗಳುಗಳ ಹಿಂದೆಯೇ!

ಇದರ ಪಕ್ಕಕ್ಕೆ ಇನ್ನೊಂದು ಪ್ರಸಂಗ ಇಡುತ್ತೇನೆ. 2010-11ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಸೇರಿ ಇಂಥದೇ ಕೆಲಸ ಮಾಡಿದ್ದರು. ಫೋನ್ ಸಂಪರ್ಕದ ಮೂಲಕ, ಬ್ಲೂಟೂತ್ ಮೂಲಕ, ಒಂದು ಹಾಡಿನ ಸಿ.ಡಿ.ಯ ಮೂಲಕವೂ ಕಾರಿನೊಳಕ್ಕೆ ಹೋಗಿ ಬ್ರೇಕಿನವರೆಗೆ ತಲುಪಿದ್ದರು. ನೀವು ಬಯಸುವ ಹಾಗೆಯೇ ಸಭ್ಯವಾಗಿ ನಡೆದುಕೊಂಡರು. ಪ್ರಬಂಧದಲ್ಲಿ ಕಂಪನಿಯ ಹೆಸರು ಹಾಕಲಿಲ್ಲ, ವಿವರಗಳನ್ನು ಕಂಪನಿಗೆ ಖಾಸಗಿಯಾಗಿ ಕೊಟ್ಟರು. ಅದು ಜನರಲ್ ಮೋಟಾರ್ಸ್ ಕಾರು ಎಂದು ಬಹಿರಂಗವಾದದ್ದು ಆಮೇಲೆ. ಆ ಕಿಂಡಿಗಳನ್ನು ಪೂರ್ತಿ ಮುಚ್ಚಲು ಹಿಡಿದ ಕಾಲ ಸುಮಾರು ಐದು ವರ್ಷ. ಅಷ್ಟೂ ಕಾಲ ಆ ಕಾರುಗಳು ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಓಡಾಡಿದವು. ಗುಟ್ಟಾಗಿ ಹೇಳಿದ್ದಕ್ಕೆ ಐದು ವರ್ಷ, ಬಹಿರಂಗ ಮಾಡಿದ್ದಕ್ಕೆ ಮೂರು ದಿನ. ಪಾಠ ಹೇಳಿದವರು ನೀವು, ಇದರಿಂದ ಏನು ಕಲಿಯಬೇಕೆಂದು ನಾನು ಹೇಳಬೇಕಿಲ್ಲ.

"ಕಳ್ಳರಿಗೆ ದಾರಿ ತೋರಿಸುತ್ತಾರೆ" ಎನ್ನುತ್ತೀರಿ. ಕಳ್ಳರು ಸಂಶೋಧನಾ ಪ್ರಬಂಧಕ್ಕಾಗಿ ಕಾಯುವುದಿಲ್ಲ. 2022ರಲ್ಲಿ ಲಂಡನ್ನಿನಲ್ಲಿ ಕಾರುಗಳ ಭದ್ರತೆಯನ್ನೇ ಅಭ್ಯಾಸ ಮಾಡುವ ಒಬ್ಬರ ಟೊಯೊಟಾ ಕಾರು ಕಳುವಾಯಿತು. ಮೊದಲು ಯಾರೋ ಮುಂದಿನ ಬಂಪರ್ ಸಡಿಲಿಸಿ ಹೆಡ್‌ಲೈಟಿನ ತಂತಿ ಕಿತ್ತಿದ್ದರು. ಪುಂಡರ ಕೆಲಸ ಎಂದುಕೊಂಡರು ಅವರು. ಆಮೇಲೆ ಕಾರೇ ಹೋಯಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ಲೂಟೂತ್ ಸ್ಪೀಕರಿನ ವೇಷದ ಒಂದು ಸಾಧನ, ಕಳ್ಳಸಂತೆಯಲ್ಲಿ ಮಾರಾಟಕ್ಕಿತ್ತು. ಹೆಡ್‌ಲೈಟಿನ ಪ್ಲಗ್ ಕಳಚಿ, ಅಲ್ಲಿ ಇದರ ತಂತಿ ಚುಚ್ಚಿ, 'ಪ್ಲೇ' ಗುಂಡಿ ಒತ್ತಬೇಕು. ಆ ತಂತಿ ಬರೀ ದೀಪದ್ದಲ್ಲ, ಕಾರಿನ ಭಾಗಗಳೆಲ್ಲ ಪರಸ್ಪರ ಸಂದೇಶ ಕಳಿಸುವ 'ಕ್ಯಾನ್' ಎಂಬ ಜಾಲದ್ದು. ಬಾಷ್ ಕಂಪನಿ 1986ರಲ್ಲಿ ಹೊರತಂದ ಈ ಜಾಲದಲ್ಲಿ ಸಂದೇಶ ಕಳಿಸಿದವರು ಯಾರೆಂದು ಪರೀಕ್ಷಿಸುವ ವ್ಯವಸ್ಥೆಯೇ ಇಲ್ಲ. ಹೊರಗಿನವರು ಒಳಗೆ ಮಾತಾಡುವ ಪ್ರಮೇಯ ಆ ಕಾಲಕ್ಕೆ ಇರಲಿಲ್ಲ, ಅದು ಸರಿ. "ಕೀ ಸರಿಯಾಗಿದೆ" ಎಂದು ಹೆಡ್‌ಲೈಟಿನ ಕಡೆಯಿಂದ ಸುದ್ದಿ ಬಂದರೂ ಕಾರು ನಂಬುತ್ತದೆ, ಬಾಗಿಲು ತೆರೆಯುತ್ತದೆ. ಕಳ್ಳರಿಗೆ ಇದು ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಕಾರು ಕೊಂಡವರಿಗೆ. 2023ರಲ್ಲಿ ಅದನ್ನು ಜಗತ್ತಿಗೆ ಬಿಡಿಸಿ ಹೇಳಿದ್ದು ಕಾರು ಕಳೆದುಕೊಂಡ ಆ ಮನುಷ್ಯ ಮತ್ತು ಅವರ ಸ್ನೇಹಿತ. ಇವರನ್ನು ಜೈಲಿಗೆ ಕಳಿಸೋಣವೆ?

ಬಾಯಿ ಮುಚ್ಚಿಸುವ ಪ್ರಯತ್ನ ನಡೆದೇ ಇಲ್ಲ ಎನ್ನುವಂತಿಲ್ಲ. ಬರ್ಮಿಂಗ್‌ಹ್ಯಾಮ್ ಮತ್ತು ನೈಮೇಖನ್ ವಿಶ್ವವಿದ್ಯಾಲಯಗಳ ಮೂವರು ಸಂಶೋಧಕರು ಹಲವು ಕಂಪನಿಗಳ ಕಾರು ಕೀಲಿಗಳಲ್ಲಿದ್ದ ಒಂದು ಚಿಪ್ಪಿನ ದೌರ್ಬಲ್ಯ ಕಂಡುಹಿಡಿದಿದ್ದರು. 2013ರಲ್ಲಿ ಫೋಕ್ಸ್‌ವ್ಯಾಗನ್ ಲಂಡನ್ನಿನ ಹೈಕೋರ್ಟಿಗೆ ಹೋಗಿ ಪ್ರಬಂಧಕ್ಕೆ ತಡೆ ತಂದಿತು. ಅದು ಬೆಳಕು ಕಂಡದ್ದು 2015ರ ಆಗಸ್ಟಿನಲ್ಲಿ, ಒಂದೇ ಒಂದು ವಾಕ್ಯ ತೆಗೆದು. ಒಂದು ವಾಕ್ಯಕ್ಕಾಗಿ ಎರಡು ವರ್ಷ ಮೌನ! ಮರುತಿಂಗಳೇ, ಸೆಪ್ಟೆಂಬರ್ 18ರಂದು, ಅದೇ ಕಂಪನಿ ತನ್ನ ಡೀಸೆಲ್ ಕಾರುಗಳಲ್ಲಿ ಹೊಗೆ ಪರೀಕ್ಷೆಯನ್ನು ಗುರುತಿಸಿ ಮೋಸಮಾಡುವ ಸಾಫ್ಟ್‌ವೇರ್ ಹಾಕಿತ್ತೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸಾರಿತು. ಜಗತ್ತಿನಾದ್ಯಂತ ಅಂಥ ಕಾರುಗಳು 1.1 ಕೋಟಿ. ಅದರ ಜಾಡು ಹಿಡಿದು ಕೊಟ್ಟವರೂ ಒಂದು ವಿಶ್ವವಿದ್ಯಾಲಯದ ಸಂಶೋಧಕರೇ, ವೆಸ್ಟ್ ವರ್ಜೀನಿಯಾದವರು. ಬೇಲಿಯೇ ಎದ್ದು ಹೊಲ ಮೇಯುವಾಗ ಅದನ್ನು ಕಂಡು ಕೂಗಿದವರ ಮೇಲೆ ಯಾಕೆ ಸಿಟ್ಟು?

ಪೋಲೆಂಡಿನ ರೈಲುಗಳ ಕಥೆ ಇನ್ನೂ ಹತ್ತಿರದ್ದು. ಅಲ್ಲಿನ ಒಂದು ಪ್ರಾದೇಶಿಕ ರೈಲ್ವೆಯ ಗಾಡಿಗಳನ್ನು ತಯಾರಕರಲ್ಲದ ಬೇರೆ ಕಾರ್ಯಾಗಾರದಲ್ಲಿ ದುರಸ್ತಿ ಮಾಡಿಸಿದರೆ ಗಾಡಿ ಹೊರಡುತ್ತಲೇ ಇರಲಿಲ್ಲ. ಎಲ್ಲ ಭಾಗಗಳೂ ಸರಿ, ಚಾಲನೆ ಮಾತ್ರ ಇಲ್ಲ. ಕಡೆಗೆ ಮೂವರು ಹ್ಯಾಕರುಗಳನ್ನು ಕರೆಸಿದರು. ಅವರು ಕೋಡ್ ಬಿಚ್ಚಿ ನೋಡಿ 2023ರ ಡಿಸೆಂಬರಿನಲ್ಲಿ ಹೇಳಿದ್ದು: ಪ್ರತಿಸ್ಪರ್ಧಿ ಕಾರ್ಯಾಗಾರಗಳ ಜಿಪಿಎಸ್ ಸ್ಥಾನಗಳು ಆ ಸಾಫ್ಟ್‌ವೇರಿನಲ್ಲಿ ಬರೆದಿವೆ, ಅಲ್ಲಿ ಗಾಡಿ ಹೆಚ್ಚು ದಿನ ನಿಂತರೆ ಅದು ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ತಯಾರಕರಾದ ನೆವಾಗ್ ಕಂಪನಿ ಇದನ್ನು ನಿರಾಕರಿಸಿತು, ಹ್ಯಾಕರುಗಳ ಮೇಲೆಯೇ ದಾವೆ ಹೂಡಿತು. ನೀವು ಕೇಳಿದ ಕಾನೂನು ಬಂದಿದ್ದರೆ ಜೈಲಿಗೆ ಹೋಗುತ್ತಿದ್ದವರು ಆ ಮೂವರು.

ನನ್ನ ದೂರು ಒಂದೇ. ಯಂತ್ರ ನಮ್ಮದು, ಪ್ರಾಣ ನಮ್ಮದು, ಒಳಗೇನಿದೆ ಎಂದು ನೋಡುವ ಹಕ್ಕು ಮಾತ್ರ ನಮ್ಮದಲ್ಲ. ವಿಮಾನಯಾನ ಈ ವಿಷಯದಲ್ಲಿ ಎಷ್ಟೋ ವಾಸಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1951ರಲ್ಲೇ ಒಪ್ಪಿಕೊಂಡ ನಿಯಮವೊಂದಿದೆ, 13ನೆಯ ಅನುಬಂಧ. ಅಪಘಾತದ ತನಿಖೆಯ ಗುರಿ ಯಾರನ್ನೋ ದೂಷಿಸುವುದಲ್ಲ, ಮತ್ತೆ ಆಗದಂತೆ ನೋಡಿಕೊಳ್ಳುವುದು ಎಂಬುದು ಅದರ ಜೀವಾಳ. ವರದಿಗಳು ಅಚ್ಚಾಗುತ್ತವೆ, ನಾನೂ ಓದುತ್ತೇನೆ, ನೀವೂ ಓದಬಹುದು. ಮ್ಯಾಕ್ಸ್ ದುರಂತದ ಬಗ್ಗೆ ನನಗೆ ಇಷ್ಟು ಗೊತ್ತಿರುವುದೇ ಅದರಿಂದ. ಕಾರುಗಳಿಗೆ ಅಂಥ ಸಂಪ್ರದಾಯವೇ ಬೆಳೆಯಲಿಲ್ಲ. ವಿಶ್ವಸಂಸ್ಥೆಯ ಆಶ್ರಯದಲ್ಲಿ 155ನೆಯ ನಿಯಮ ಬಂದದ್ದು ಈಚೆಗೆ. ಅದನ್ನು ಜಾರಿಗೆ ತಂದ ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಸೈಬರ್ ಭದ್ರತೆಯ ಏರ್ಪಾಡು ಕಡ್ಡಾಯ. ಆ ಗಡುವು ಬಂದಾಗ ಪೋರ್ಷೆ ತನ್ನ ಪೆಟ್ರೋಲ್ ಮಕಾನ್ ಕಾರನ್ನು ತಿದ್ದುವ ಬದಲು ಅಲ್ಲಿನ ಮಾರುಕಟ್ಟೆಯಿಂದಲೇ ತೆಗೆಯಿತು. ಹಾಗಾದರೆ ಈಗಾಗಲೇ ಮಾರಿದ ಕಾರುಗಳ ಗತಿ? ಅವು ಇನ್ನೂ ಹತ್ತು ಹದಿನೈದು ವರ್ಷ ರಸ್ತೆಯಲ್ಲಿರುತ್ತವೆ.

ಇನ್ನೊಂದು ಮಾತು, ನಿಮ್ಮಂಥವರೇ ಕೇಳುವ ಬೇಡಿಕೆಯ ಬಗ್ಗೆ. 2015ರಲ್ಲಿ ಜರ್ಮನ್‌ವಿಂಗ್ಸ್ ಸಹಪೈಲಟ್ ಬಾಗಿಲು ಭದ್ರಪಡಿಸಿಕೊಂಡು ವಿಮಾನವನ್ನು ಬೆಟ್ಟಕ್ಕೆ ಅಪ್ಪಳಿಸಿದಾಗ, ನೆಲದಿಂದಲೇ ವಿಮಾನವನ್ನು ವಶಕ್ಕೆ ಪಡೆಯುವ ವ್ಯವಸ್ಥೆ ಬೇಕೆಂಬ ಕೂಗೆದ್ದಿತ್ತು. ಅಂಥ ಕಲ್ಪನೆಗೆ ಬೋಯಿಂಗ್ 2006ರಲ್ಲೇ ಪೇಟೆಂಟ್ ಪಡೆದಿದೆ. ದಯವಿಟ್ಟು ಅದನ್ನು ಕೇಳಬೇಡಿ. ಪೈಲಟ್ ತಡೆಯಲಾಗದ ದೂರನಿಯಂತ್ರಣವನ್ನು ನಾವೇ ಕಟ್ಟಿಕೊಟ್ಟರೆ, ನೀವು ಹೆದರುವ ಹ್ಯಾಕರಿಗೆ ಮಾಡಲು ಉಳಿಯುವ ಕೆಲಸ ಬಹಳ ಕಡಿಮೆ.

ನಿಮ್ಮ ಕೊನೆಯ ಪ್ರಶ್ನೆ. ಆ್ಯಪ್ ತೆಗೆದರೆ ನಿಮ್ಮ ಫೋನಿನಿಂದ ಹೋಗುತ್ತದೆ, ಕಾರಿನೊಳಗಿನ ಸಿಮ್ ಹೋಗುವುದಿಲ್ಲ. ಬಳಸದಿದ್ದರೆ ಖಾತೆಯನ್ನೇ ರದ್ದು ಮಾಡಿಸಿ. ಬಳಸುವುದಾದರೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ಮುಂದೂಡಬೇಡಿ. ಹಳೆಯ ಕಾರನ್ನು ಮಾರಿದ್ದರೆ ಅದರ ಖಾತೆಯಲ್ಲಿ ನಿಮ್ಮ ಹೆಸರು ಇನ್ನೂ ಇದೆಯೇ ನೋಡಿ. ಇದೆಲ್ಲ ಆದಮೇಲೆ ಮಾರಾಟಗಾರರಿಗೆ ಒಂದು ಕಾಗದ ಬರೆಯಿರಿ: ಈ ಕಾರಿಗೆ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೀರಿ, ದೋಷ ಕಂಡುಹಿಡಿದವರು ಯಾರಿಗೆ ತಿಳಿಸಬೇಕು? ಲಿಖಿತ ಉತ್ತರವನ್ನೇ ಕೇಳಿ. ಬಂದರೆ ಅದರ ಪ್ರತಿಯನ್ನು ನಮಗೆ ಕಳಿಸಿ, ಬಾರದಿದ್ದರೆ ನೀವು ಬರೆದ ಕಾಗದವನ್ನೇ ಕಳಿಸಿ. ಎರಡರಲ್ಲಿ ಯಾವುದಾದರೂ ಸರಿ, ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

- ಸಂಪಾದಕ